ಐವತ್ತು ಗಂಟೆಗಳಲ್ಲಿ ಸೇರದ ಪಾಠ

ಭಾನುವಾರ ಬೆಳಗ್ಗೆ ಪ್ರಿನ್ಸ್‌ಟನ್ ಜಂಕ್ಷನ್ ರೈಲು ನಿಲ್ದಾಣದ ಪಾರ್ಕಿಂಗ್ ಜಾಗ ಹೆಚ್ಚುಕಡಿಮೆ ಖಾಲಿ. ವಾರವಿಡೀ ನ್ಯೂಯಾರ್ಕಿಗೆ ಹೋಗುವವರ ಕಾರುಗಳು ನಿಲ್ಲುವ ಅಂಥ ಜಾಗಗಳಲ್ಲಿ ಅಂದು ಹದಿಹರೆಯದವರು ಸ್ಟಿಯರಿಂಗ್ ಹಿಡಿದಿರುತ್ತಾರೆ; ಪಕ್ಕದ ಸೀಟಿನಲ್ಲಿ, ಇಲ್ಲದ ಬ್ರೇಕನ್ನು ಒತ್ತುತ್ತ ಅಪ್ಪನೋ ಅಮ್ಮನೋ. 2025ರ ಫೆಬ್ರವರಿಯಿಂದ ನ್ಯೂಜೆರ್ಸಿಯಲ್ಲಿ ಇದು ಕಾನೂನು ವಿಧಿಸಿದ ಕೆಲಸವೂ ಹೌದು. ಲರ್ನರ್ ಪರ್ಮಿಟ್ ಪಡೆದ, 21 ವರ್ಷದೊಳಗಿನವರು ಹಿರಿಯರ ಮೇಲ್ವಿಚಾರಣೆಯಲ್ಲಿ 50 ಗಂಟೆ ಓಡಿಸಿರಬೇಕು. ಅದರಲ್ಲಿ 10 ಗಂಟೆ ಕತ್ತಲಿನಲ್ಲಿ.

ಬೆಂಗಳೂರಿನಲ್ಲಿ ಕಲಿತ ಅಪ್ಪನಿಗೆ ಇದು ಮರುಪಾಠ. ಎಡಕ್ಕೆ ತಿರುಗಬೇಕಾದವರು ಮೊದಲು ಬಲಕ್ಕೆ ಸರಿಯಬೇಕೆನ್ನುವ ರೂಟ್ 1ರ ಜಗ್‌ಹ್ಯಾಂಡಲ್, ಕೆಂಪು ದೀಪ ಮಿನುಗಿಸುತ್ತ ನಿಂತ ಶಾಲಾ ಬಸ್ಸಿಗೆ 25 ಅಡಿ ದೂರ ಕಾಯುವುದು, ನಸ್ಸಾ ಬೀದಿಯಲ್ಲಿ ಪಟ್ಟೆ ದಾಟುವವರಿಗಾಗಿ ನಿಲ್ಲುವುದು, ಇವನ್ನೆಲ್ಲ ಮಗಳು ಪುಸ್ತಕ ಓದಿ ಬಂದಿರುತ್ತಾಳೆ. ‘ಅಪ್ಪಾ, ಸ್ಟಾಪ್ ಸೈನ್ ಹತ್ರ ನೀನೇ ಪೂರ್ತಿ ನಿಲ್ಲಿಸಲ್ಲ!’ ಎಂಬ ಮಾತಿಗೆ ಉತ್ತರವಿರುವುದಿಲ್ಲ.

ಇಷ್ಟು ಶ್ರದ್ಧೆಯಿಂದ ಕಲಿಸುವ ಕನ್ನಡದ ಮನೆಗಳಲ್ಲಿ ಹಲವು ಒಂದು ಪಾಠವನ್ನು ಮಾತ್ರ ಬಿಟ್ಟುಬಿಡುತ್ತವೆ: ಹಿಂದೆ ಪೊಲೀಸ್ ಕಾರಿನ ದೀಪ ಹೊತ್ತಿಕೊಂಡರೆ ಏನು ಮಾಡಬೇಕು? ಊರಿನ ಅಭ್ಯಾಸದಂತೆ ಕೆಳಗಿಳಿದು, ಕಾಗದಪತ್ರ ಹಿಡಿದು ‘ಸಾರ್’ ಎನ್ನುತ್ತ ಪೊಲೀಸರತ್ತ ನಡೆದರೆ ಇಲ್ಲಿ ಪ್ರಾಣಕ್ಕೇ ಕುತ್ತು ಬಂದೀತು. ಕಾರಿನಲ್ಲೇ ಇರಬೇಕು, ಕೈಗಳು ಸ್ಟಿಯರಿಂಗ್ ಮೇಲೆ ಕಾಣುತ್ತಿರಬೇಕು, ಲೈಸೆನ್ಸ್ ತೆಗೆಯುವ ಮುನ್ನ ಬಾಯಿಬಿಟ್ಟು ಹೇಳಬೇಕು. ಕಪ್ಪು ಜನರ ಮನೆಗಳಲ್ಲಿ ತಲೆಮಾರುಗಳಿಂದ ಮಕ್ಕಳನ್ನು ಕೂರಿಸಿಕೊಂಡು ಹೇಳುವ ಈ ಮಾತಿಗೆ ‘ದ ಟಾಕ್’ ಎಂಬ ಹೆಸರೇ ಇದೆ. ಓದಿದವರಿಗೆ, ಒಳ್ಳೆಯ ಶಾಲೆಗಳಿರುವ ಕಡೆ ಮನೆ ಕೊಂಡವರಿಗೆ ಅದರ ಅಗತ್ಯವಿಲ್ಲವೆಂಬುದು ವಲಸಿಗರ ನಂಬಿಕೆ. ಊರಿನಲ್ಲಿ ಕುಲದ ಹೆಸರೇ ರಕ್ಷಣೆಯಾಗಿದ್ದವರಿಗೆ ಈ ನಂಬಿಕೆ ಸುಲಭವಾಗಿ ಬರುತ್ತದೆ.

1998ರ ಏಪ್ರಿಲ್ 23ರ ರಾತ್ರಿ, ಪ್ರಿನ್ಸ್‌ಟನ್ ಇರುವ ಮರ್ಸರ್ ಕೌಂಟಿಯಲ್ಲೇ, ನ್ಯೂಜೆರ್ಸಿ ಟರ್ನ್‌ಪೈಕಿನಲ್ಲಿ ಪೊಲೀಸರು ಒಂದು ವ್ಯಾನನ್ನು ತಡೆದರು. ಅದರಲ್ಲಿದ್ದವರು ಬ್ಯಾಸ್ಕೆಟ್‌ಬಾಲ್ ತರಬೇತಿಗೆಂದು ನಾರ್ತ್ ಕೆರೊಲಿನಾಗೆ ಹೊರಟಿದ್ದ ನಾಲ್ವರು ಯುವಕರು: ಮೂವರು ಕಪ್ಪು ವರ್ಣೀಯರು, ಒಬ್ಬ ಲ್ಯಾಟಿನೊ. ಇಬ್ಬರು ಪೊಲೀಸರು 11 ಗುಂಡು ಹಾರಿಸಿದರು, ಮೂವರು ಗಾಯಗೊಂಡರು. ಮರುವರ್ಷ, ಬಣ್ಣ ನೋಡಿ ಕಾರು ತಡೆಯುವ ಪದ್ಧತಿ ಇದ್ದದ್ದು ನಿಜವೆಂದು ರಾಜ್ಯವೇ ಒಪ್ಪಿಕೊಂಡಿತು. ರಾಜ್ಯದ ಪೊಲೀಸ್ ಇಲಾಖೆ 2009ರವರೆಗೆ ಒಕ್ಕೂಟ ಸರ್ಕಾರದೊಂದಿಗಿನ ಒಪ್ಪಂದದಡಿ ಮೇಲ್ವಿಚಾರಣೆಯಲ್ಲಿತ್ತು.

‘ಅದು ಅವರ ಕಥೆ’ ಎನ್ನುವವರಿಗೆ ಸುರೇಶ್‌ಭಾಯ್ ಪಟೇಲರ ಪ್ರಸಂಗವಿದೆ. ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಅಲಬಾಮಾಕ್ಕೆ ಬಂದಿದ್ದ 57ರ ಅಜ್ಜ 2015ರ ಫೆಬ್ರವರಿಯಲ್ಲಿ ಮಗನ ಮನೆಯ ಬಳಿ ನಡೆದಾಡುತ್ತಿದ್ದರು. ಬಡಕಲು ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆಂದು ಯಾರೋ ಪೊಲೀಸರಿಗೆ ಫೋನು ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸ್ ಅಧಿಕಾರಿ ನೆಲಕ್ಕೆ ಕೆಡವಿದ; ಅವರು ಭಾಗಶಃ ಪಾರ್ಶ್ವವಾಯುವಿಗೆ ಒಳಗಾದರು.

ಹಾಗೆಂದು ಬರೀ ಭಯವನ್ನು ಕಲಿಸಿದರೆ ಸಾಲದು. ಕೈ ಎಲ್ಲಿಡಬೇಕೆಂಬುದರ ಜೊತೆಗೆ, ಅಲ್ಲೇ ಏಕಿಡಬೇಕು ಎಂಬ ಇತಿಹಾಸವೂ ಮಗುವಿಗೆ ತಿಳಿದಿರಬೇಕು. ಇಲ್ಲದಿದ್ದರೆ ತಡೆಸಿಕೊಂಡವರೆಲ್ಲ ಏನೋ ತಪ್ಪು ಮಾಡಿರಬೇಕೆಂದೇ ಅದು ನಂಬುತ್ತದೆ.

ಹದಿನೇಳಕ್ಕೆ ಪ್ರೊಬೇಷನರಿ ಲೈಸೆನ್ಸ್ ಸಿಗುತ್ತದೆ. 2010ರಿಂದ ಇಂಥ ಎಳೆಯ ಚಾಲಕರ ನಂಬರ್ ಪ್ಲೇಟಿಗೆ ಕೆಂಪು ಸ್ಟಿಕ್ಕರ್ ಅಂಟಿಸುವುದು ಕಡ್ಡಾಯ. ಓಡಿಸುತ್ತಿರುವುದು ಹೊಸಬರೆಂದು ಪೊಲೀಸರಿಗೆ ದೂರದಿಂದಲೇ ತಿಳಿಯುತ್ತದೆ. ಹೆತ್ತವರು ಜೊತೆಗಿಲ್ಲದಾಗ ಸಾಮಾನ್ಯವಾಗಿ ಒಬ್ಬರನ್ನಷ್ಟೇ ಕೂರಿಸಿಕೊಳ್ಳಬಹುದು. ಆ ಒಬ್ಬ ವಿದರ್‌ಸ್ಪೂನ್ ಬೀದಿಯ ಆಚೀಚಿನ ಕಪ್ಪು ಕುಟುಂಬದ ಸಹಪಾಠಿಯಾಗಿರಬಹುದು, ಗ್ವಾಟೆಮಾಲಾದಿಂದ ಬಂದವರ ಮಗನಾಗಿರಬಹುದು. ಆತುರದಲ್ಲಿ ಮಗಳು ಬಾಗಿಲು ತೆರೆದು ಕೆಳಗಿಳಿದರೆ ಗದರಿಕೆ ಅವಳಿಗೆ ಬಿದ್ದೀತು; ಪಕ್ಕದ ಸೀಟಿನವನ ಪಾಲಿಗೆ ಬರುವುದು ಅಷ್ಟರಲ್ಲೇ ಮುಗಿಯಲಾರದು. ಇದನ್ನು ಹೇಳಲು ಆ ಹತ್ತು ಕತ್ತಲ ಗಂಟೆಗಳಲ್ಲಿ ಅರ್ಧ ಗಂಟೆ ಸಾಕು, ಕಾರನ್ನು ಬದಿಗೆ ನಿಲ್ಲಿಸಿ.