ಕೋಟೆಯ ಮೊದಲ ಬಾಗಿಲು

ನಮ್ಮಲ್ಲಿ ಕೋಟೆಯನ್ನು ನೋಡಿದವರು ಬಹುಮಂದಿ. ಕೋಟೆಗೆ ಹೋದವರು ಕಡಮೆ. ಈ ಮಾತು ಒಗಟಿನಂತೆ ತೋರಬಹುದು. ವಾಹನ ನಿಲ್ಲುವ ಬಯಲಿನಲ್ಲಿ ಇಳಿದು, ಮೆಟ್ಟಿಲು ಹತ್ತಿ, ಬುರುಜಿನ ಮೇಲೆ ನಿಂತು ಚಿತ್ರ ತೆಗೆಸಿಕೊಂಡು, ಒಂದು ಗಂಟೆಯೊಳಗೆ ಹಿಂದಿರುಗುವವನು ಗೋಡೆಯನ್ನೇನೋ ನೋಡಿರುತ್ತಾನೆ. ಆ ಗೋಡೆ ಅಲ್ಲಿಯೇ ಏಕೆ ಎದ್ದಿತು, ಯಾರನ್ನು ತಡೆಯಲು ಎದ್ದಿತು ಎಂಬುದನ್ನು ತಿಳಿಯಬೇಕಾದರೆ ಅದು ಕಾಯುತ್ತಿದ್ದ ದಾರಿಯನ್ನು ನೋಡಬೇಕು. ಮಲೆನಾಡಿನ ಮಟ್ಟಿಗಂತೂ ಘಾಟಿಯ ದಾರಿಯೇ ಕೋಟೆಯ ಮೊದಲ ಬಾಗಿಲು. ದಾರಿಯನ್ನು ಮರೆತು ಕೋಟೆಯನ್ನಷ್ಟೆ ಕಾಪಾಡುವುದು, ಬಾಗಿಲನ್ನು ಒಲೆಗೆ ಹಾಕಿ ಬೀಗವನ್ನು ಜೋಪಾನವಾಗಿ ಇಟ್ಟುಕೊಂಡಂತೆ.

ಈ ಅಭಿಪ್ರಾಯ ಗಟ್ಟಿಯಾದದ್ದು ಕಳೆದ ಮಾಗಿಯಲ್ಲಿ. ಐದು ದಿನಗಳ ಬಿಡುವು ದೊರೆತಾಗ ನಾನು ಮೋಟಾರು ಸೈಕಲ್ಲಿನ ಮೇಲೆ ಸಕಲೇಶಪುರದಿಂದ ಹೊರಟು, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿಗಳನ್ನು ಹಾಯ್ದು, ನಗರದವರೆಗೆ ಹೋಗಿ, ಹುಲಿಕಲ್ ಘಾಟಿಯಲ್ಲಿಳಿದು ಕುಂದಾಪುರವನ್ನು ಸೇರಿದೆ. ಜೊತೆಗಾರರಿರಲಿಲ್ಲ. ಹಿಂದಿನ ಸೀಟಿನ ಮೇಲೆ ಒಂದು ಡೇರೆ, ಒಂದು ಕಂಬಳಿ, ಪುಟ್ಟ ಸ್ಟವ್, ಎರಡು ಪಾತ್ರೆ, ಅವಲಕ್ಕಿ, ಬೆಲ್ಲ, ಕಾಫಿಪುಡಿ. ವಾಹನ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ 250 ಸಿ.ಸಿ.ಯ ಹಳೆಯ ಜಾವಾ. 1960ರ ಸುಮಾರಿಗೆ ಆರಂಭವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋದರೂ ಅದರ ಸಂತಾನ ಇನ್ನೂ ರಸ್ತೆಯ ಮೇಲಿದೆ. ಕಿಕ್ಕರನ್ನು ಮಡಿಚಿದರೆ ಅದೇ ಗೇರಿನ ಸನ್ನೆಯಾಗುವುದು ಈ ಬಂಡಿಯ ವೈಶಿಷ್ಟ್ಯ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಏರಿನಲ್ಲಿ ಅದಕ್ಕೂ ಏದುಸಿರು ಬರುತ್ತದೆ. ಆತುರಗಾರರಿಗೆ ಅದು ಹೇಳಿದ್ದಲ್ಲ. ಘಾಟಿಯನ್ನು ಓದಬೇಕೆನ್ನುವವನಿಗೆ ತಕ್ಕದ್ದೇ.

ಮೊದಲು ಮಂಜರಾಬಾದ್. ಸಕಲೇಶಪುರದಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ, ಮಂಗಳೂರಿನ ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ 988 ಮೀಟರು ಎತ್ತರದಲ್ಲಿ ಟೀಪೂ ಸುಲ್ತಾನ ಕಟ್ಟಿಸಿದ ಈ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಅದು ರಂಗೋಲಿಯಂತೆ ಕಾಣುವುದರಿಂದ ಜನ ಆ ಅಂದಕ್ಕೇ ಮಾರುಹೋಗುತ್ತಾರೆ. ಕಟ್ಟಿದವರ ಗಮನವಿದ್ದುದು ಬೇರೆ ಕಡೆ. ನೇರ ಗೋಡೆಯ ಬುಡಕ್ಕೆ ಬಂದು ಆತುಕೊಂಡ ಶತ್ರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ನಕ್ಷತ್ರದ ಒಂದು ತೋಳಿನ ಮೇಲೆ ನಿಂತವನಿಗೆ ಪಕ್ಕದ ತೋಳಿನ ಬುಡ ನಿಚ್ಚಳವಾಗಿ ಕಾಣುತ್ತದೆ. ಯೂರೋಪಿನಲ್ಲಿ ಫಿರಂಗಿಗಳ ಕಾಲದಲ್ಲಿ ಬೆಳೆದು, ಫ್ರಾನ್ಸಿನ ವೋಬಾನನ ಹೆಸರಿನೊಡನೆ ಬೆಸೆದುಹೋದ ವಿದ್ಯೆ ಇದು.

ಆದರೆ ಈ ಗುಡ್ಡವೇ ಏಕೆ? 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟೀಪೂ ಅರ್ಧ ರಾಜ್ಯವನ್ನು ಕಳೆದುಕೊಂಡ. ಮಲಬಾರು ಹೋಯಿತು, ಕೊಡಗು ಹೋಯಿತು. ಕಡಲಿಗೆ ಉಳಿದ ಬಾಗಿಲೆಂದರೆ ಮಂಗಳೂರಿನ ಕಡೆಯ ಕರಾವಳಿ. ರಾಜಧಾನಿಗೂ ಆ ಬಾಗಿಲಿಗೂ ನಡುವೆ ಘಾಟಿ. ಕೋಟೆಯ ನಿರ್ಮಾಣಕ್ಕೆ ಸಾಮಾನ್ಯವಾಗಿ ಹೇಳುವ ವರ್ಷವೂ ಅದೇ. ಈ ಲೆಕ್ಕವನ್ನು ಮೈಯಿಂದಲೇ ತಿಳಿಯಬೇಕೆಂದು ನಾನು ಮೊದಲು ಗುಂಡ್ಯದವರೆಗೆ ಇಳಿದುಹೋಗಿ ಮತ್ತೆ ಹತ್ತಿಬಂದೆ. ಮುಂದಿನ ತಿರುವು ಕಾಣದಂತೆ ಮರಗಳು ಕವಿದ ದಾರಿ. ಏರು ಮುಗಿದು, ಬೆಳಕು ಅಗಲವಾಗಿ, ಸವಾರನೂ ಬಂಡಿಯೂ ದಣಿವಾರಿಸಿಕೊಳ್ಳಬೇಕೆನ್ನುವ ಹೊತ್ತಿಗೆ ಆ ಗುಡ್ಡ ತಲೆಯೆತ್ತಿ ನಿಂತಿರುತ್ತದೆ. ಹತ್ತಿ ಬಂದವನು ಉಸಿರು ಬಿಡುವ ಜಾಗದಲ್ಲಿಯೇ ಕಾವಲು! ಹೆದ್ದಾರಿಯ ಕಡೆಯ ಮೆಟ್ಟಿಲುಗಳನ್ನಷ್ಟೆ ಹತ್ತಿದವನಿಗೆ ಇದು ಹೊಳೆಯಲಾರದು.

ದಾರಿಯ ಬೆಲೆಯನ್ನು ಅರಿತವರಲ್ಲಿ ಇದೇ ಸೀಮೆಯ ಐಗೂರಿನ ಪಾಳೆಯಗಾರನೂ ಒಬ್ಬ. 1799ರಲ್ಲಿ ಟೀಪೂ ಮಡಿದ ಬಳಿಕವೂ ಆತ ತಲೆಬಾಗದೆ, ಮೈಸೂರಿಗೂ ಕರಾವಳಿಗೂ ನಡುವಣ ಘಾಟಿಗೆ ಅಡ್ಡನಿಂತ. ಆತನನ್ನು ಮಣಿಸಲು, ಮುಂದೆ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಲಿದ್ದ ಆರ್ಥರ್ ವೆಲ್ಲೆಸ್ಲಿಯೇ 1802ರ ಜನವರಿಯಲ್ಲಿ ಸೈನ್ಯದೊಡನೆ ಈ ಕಾಡಿಗೆ ಬರಬೇಕಾಯಿತು. ಪಾಳೆಯಗಾರ ಸೆರೆಸಿಕ್ಕಿ ನೇಣಿಗೇರಿದ. ಆತನ ಸೀಮೆ ದೊಡ್ಡದಾಗಿರಲಿಲ್ಲ. ಆತನ ಕೈಯಲ್ಲಿದ್ದ ದಾರಿ ದೊಡ್ಡದಾಗಿದ್ದಿತು.

ಅಲ್ಲಿಂದ ಉತ್ತರಕ್ಕೆ ನಡೆದರೆ ಕೆಳದಿಯ ಅರಸರ ನಾಡು. ತೀರ್ಥಹಳ್ಳಿ ತಾಲ್ಲೂಕಿನ ಕವಲೆದುರ್ಗದಲ್ಲಿ ಗದ್ದೆಯ ಅಂಚಿನಿಂದ ಹೊರಡುವ ಹಾಸುಗಲ್ಲಿನ ದಾರಿ ಮೂರು ಸುತ್ತಿನ ಗೋಡೆಗಳನ್ನು ಹಾಯ್ದು ಏರುತ್ತದೆ. ಬಾಗಿಲುಗಳ ಇಕ್ಕೆಲದಲ್ಲಿ ಕಾವಲಿನವರ ಕೋಣೆಗಳು. ನೆತ್ತಿಯ ಮೇಲೆ ದೇಗುಲ. ಕೆಳಗೆ ವರಾಹಿ ಯೋಜನೆಯ ಹಿನ್ನೀರು. ಇಲ್ಲಿ ದಾರಿ ಮತ್ತು ಕೋಟೆಗಳನ್ನು ಬಿಡಿಸಿ ನೋಡಲು ಸಾಧ್ಯವೇ ಇಲ್ಲ. ಏಕೆಂದರೆ ವಾಹನ ಮೇಲಕ್ಕೆ ಬರುವಂತಿಲ್ಲ. ಈ ದುರ್ಗ ತನ್ನ ಅರ್ಥವನ್ನು ಇನ್ನೂ ಉಳಿಸಿಕೊಂಡಿರುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ.

ಹಳೆಯ ಬಿದನೂರು, ಇಂದಿನ ನಗರ, ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಘಟ್ಟದ ಮೇಲಿನ ಮೆಣಸು ಮತ್ತು ಕರಾವಳಿಯ ಅಕ್ಕಿ ಕೆಳದಿಯವರನ್ನು ಸಿರಿವಂತರನ್ನಾಗಿ ಮಾಡಿದುವು. ಆ ಸಿರಿಯ ಕೊಂಡಿ ಘಾಟಿ. 1763ರಲ್ಲಿ ಹೈದರಾಲಿ ಈ ರಾಜಧಾನಿಯನ್ನು ಗೆದ್ದುದು ಗುಪ್ತಮಾರ್ಗವೊಂದನ್ನು ಬಲ್ಲವನ ನೆರವಿನಿಂದ ಎಂದು ಇತಿಹಾಸಕಾರರು ಬರೆದಿದ್ದಾರೆ. ಇಪ್ಪತ್ತು ವರ್ಷಗಳ ಮೇಲೆ, 1783ರ ಜನವರಿಯಲ್ಲಿ, ಇಂಗ್ಲಿಷರ ಸೇನಾನಿ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿಯ ಘಾಟಿಯನ್ನು ಹತ್ತಿದ. ಕಾದಾಟ ನಡೆದದ್ದು ದಾರಿಯ ಅಡ್ಡಗಟ್ಟೆಗಳಲ್ಲಿ. ಅವು ಬಿದ್ದಮೇಲೆ ನಗರದ ಅಧಿಕಾರಿ ಊರನ್ನು ಒಪ್ಪಿಸಿಬಿಟ್ಟ. ಟೀಪೂ ಸೈನ್ಯದೊಡನೆ ಬಂದಾಗ ಮೊದಲು ಹಿಡಿದದ್ದೂ ಘಾಟಿಗಳನ್ನೇ. ಕರಾವಳಿಯ ಸಂಪರ್ಕ ಕಡಿದುಹೋದ ಮ್ಯಾಥ್ಯೂಸ್ ಅದೇ ವರ್ಷ ಕೋಟೆಯನ್ನು ಬಿಟ್ಟುಕೊಟ್ಟು ಸೆರೆಯಾದ. ಮೂರು ಸಲ ಊರು ಕೈಬದಲಾಯಿಸಿತು. ಮೂರು ಸಲವೂ ತೀರ್ಪಾದದ್ದು ದಾರಿಯ ಮೇಲೆ. ಇಂದು ನಗರದ ಕೋಟೆಗೆ ಬರುವವರು ಬಹಳ. ಹುಲಿಕಲ್ಲಿನ ತಿರುವುಗಳಲ್ಲಿ ನಿಂತು ಇದನ್ನು ನೆನೆಯುವವರೆಷ್ಟು?

ಒಬ್ಬನೇ ಏಕೆ ಹೋಗಬೇಕು ಎಂದು ಮಿತ್ರರು ಕೇಳಿದರು. ಜೊತೆಯಿದ್ದರೆ ಮಾತು ಜೊತೆಯವರೊಡನೆ ಮುಗಿದುಹೋಗುತ್ತದೆ; ಒಬ್ಬನೇ ಹೋದವನು ದಾರಿಯಲ್ಲಿದ್ದವರನ್ನು ಮಾತನಾಡಿಸಲೇಬೇಕು. ಕವಲೆದುರ್ಗದ ಕೆಳಗಿನ ಮನೆಯೊಂದರ ಹಿರಿಯರು ಡೇರೆ ಹಾಕಲು ಅಡಿಕೆ ಒಣಗಿಸುವ ಅಂಗಳದ ಅಂಚನ್ನು ಬಿಟ್ಟುಕೊಟ್ಟರು. “ಎಂಥಕ್ಕೆ ಮಾರಾಯ್ರೆ ಡೇರೆ, ಜಗಲಿ ಇಲ್ವಾ?” ಎಂದು ಆಕ್ಷೇಪಿಸಿ, ಬಳಿಕ ತೋಟದಾಚೆಯ ಓಣಿಯೊಂದನ್ನು ತೋರಿಸಿ, “ನಮ್ಮ ಅಜ್ಜನ ಕಾಲದಲ್ಲಿ ಹೇರೆತ್ತಿನ ಮೇಲೆ ಉಪ್ಪು ಬರ್ತಿದ್ದುದು ಇದರಲ್ಲೇ” ಎಂದರು. ಯಾವ ಫಲಕದ ಮೇಲೂ ಇಲ್ಲದ ಮಾತು. ಇಬ್ಬನಿಯಲ್ಲಿ ತೊಯ್ದ ಡೇರೆಯೊಳಗೆ ಆ ರಾತ್ರಿ ಮಲಗಿದ್ದಾಗ ನನಗೆ ಅನಿಸಿತು: ಕಾವಲಿನ ಕೋಣೆಗಳಲ್ಲಿ ಮಾಗಿಯ ಇರುಳನ್ನು ಕಳೆದವರ ಚಳಿಯೂ ಇತಿಹಾಸದ ಭಾಗವೇ. ಹಗಲಿನ ಒಂದು ಗಂಟೆಯಲ್ಲಿ ಅದು ಸಿಗುವುದಿಲ್ಲ.

ಕಾಲ್ನಡಿಗೆಯೇ ಇದಕ್ಕಿಂತ ಮೇಲು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಐದೇ ದಿನಗಳ ಬಿಡುವುಳ್ಳ ನನ್ನಂತಹ ಮೇಷ್ಟರಿಗೆ ಅದು ಕೈಗೆಟುಕದು. ಕಾರಿನಲ್ಲಿ ಕುಳಿತವನಿಗೆ ಏರು ತಿಳಿಯುವುದಿಲ್ಲ, ಚಳಿ ತಿಳಿಯುವುದಿಲ್ಲ, ನೀರಿನ ಸಪ್ಪಳ ಕೇಳುವುದಿಲ್ಲ. ಎರಡು ಚಕ್ರದ ಬಂಡಿ ಇವೆರಡರ ನಡುವಣ ರಾಜಿ. ಅಣಕವಾಡುವವರು ಅದರ ಗದ್ದಲವನ್ನು ನೆನಪಿಸುತ್ತಾರೆ. ಊರಿನ ನಿದ್ದೆ ಕೆಡಿಸುವಂತೆ ಗುಂಪುಗುಂಪಾಗಿ ಘಾಟಿಯೇರುವ ಸವಾರರನ್ನು ನಾನೂ ಸಮರ್ಥಿಸಲಾರೆ.

ಇನ್ನೊಂದು ಆಕ್ಷೇಪ ಗುರುತರವಾದುದು. ಘಾಟಿ ನಿಮ್ಮಂತಹ ವಿಹಾರಿಗಳಿಗಾಗಿ ಇಲ್ಲ. ಅದರ ಮೇಲೆ ಬಸುರಿ ಹೆಂಗಸು ಆಸ್ಪತ್ರೆಗೆ ಹೋಗಬೇಕು, ಬೆಳೆ ಪೇಟೆಗೆ ಹೋಗಬೇಕು. ರಸ್ತೆ ಅಗಲವಾಗಲಿ ಎನ್ನುತ್ತಾರೆ. ನಿಜ. ರಸ್ತೆ ಸುಭದ್ರವಾಗಿರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಭದ್ರತೆಗೆ ಅಗಲವೊಂದೇ ಉಪಾಯವೇ? 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಹೆದ್ದಾರಿಯ ಮೇಲೆಯೇ ಮಣ್ಣು ಕುಸಿಯಿತು. ಗುಡ್ಡದ ಪಾದವನ್ನು ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಅದು ನಿಲ್ಲುವ ಬಲವನ್ನು ಕಳೆದುಕೊಳ್ಳುತ್ತದೆ. ಹೇರೆತ್ತಿನವರು ಗುಡ್ಡದ ಇಳಿಜಾರನ್ನು ಅನುಸರಿಸಿ ನಡೆದರು. ಅವರಿಗೆ ಬೇರೆ ದಾರಿಯಿರಲಿಲ್ಲ. ಯಂತ್ರಗಳುಳ್ಳ ನಮಗೆ ಬೇರೆ ದಾರಿಯಿದೆ ಎಂಬುದೇ ನಮ್ಮ ತೊಡಕು.

ಆದ್ದರಿಂದ ನನ್ನ ಕೋರಿಕೆಗಳು ಮೂರು. ಘಾಟಿಯ ರಸ್ತೆಯನ್ನು ತಿದ್ದುವಾಗ, ಹಳೆಯ ಉಕ್ಕಡ, ಸುಂಕದ ಕಟ್ಟೆ, ಹೇರೆತ್ತಿನ ಓಣಿಗಳು ಎಲ್ಲಿವೆಯೆಂದು ಮೊದಲು ಗುರುತುಹಾಕಲಿ. ಕೋಟೆಯ ಗೋಡೆಗೆ ಇರುವ ರಕ್ಷಣೆಯಲ್ಲಿ ಸ್ವಲ್ಪವಾದರೂ ಅವಕ್ಕೂ ದೊರೆಯಲಿ. ಘಾಟಿಯ ತಲೆಯಲ್ಲಿಯೂ ಪಾದದಲ್ಲಿಯೂ ಆ ದಾರಿಯ ಕಥೆಯನ್ನು ಕನ್ನಡದಲ್ಲಿ ಕೆತ್ತಿದ ಒಂದೊಂದು ಕಲ್ಲನ್ನು ನಿಲ್ಲಿಸಲಿ. ಮೂರನೆಯದು, ರಾತ್ರಿ ತಂಗುವವನ ವಿಚಾರ. ಕತ್ತಲಾದ ಮೇಲೆ ಕೋಟೆಯೊಳಗೆ ಯಾರೂ ಇರಬಾರದೆಂಬ ಕಟ್ಟಳೆ ಸರಿಯಾದುದೇ. ಕಾಡಿನ ಅಂಚಿನಲ್ಲಿ ಕಂಡಲ್ಲಿ ಡೇರೆ ಹಾಕುವುದೂ ತರವಲ್ಲ. ಸಕಲೇಶಪುರದ ತೋಟವೊಂದರಲ್ಲಿ ಜಾಗ ಕೇಳಿದಾಗ, “ಆನೆ ಓಡಾಡ್ತಾವೆ ಸಾರ್, ಬೇಡ” ಎಂದು ಹಿಂದಕ್ಕೆ ಕಳುಹಿಸಿದವರು ನನಗೆ ಉಪಕಾರವನ್ನೇ ಮಾಡಿದರು. ಹಿಂದೆ ಇಂತಹ ದಾರಿಗಳಲ್ಲಿ ಛತ್ರವಿದ್ದಿತು, ಅರವಟ್ಟಿಗೆಯಿದ್ದಿತು. ಇಂದು ಹಣವುಳ್ಳವರಿಗೆ ರೆಸಾರ್ಟುಗಳಿವೆ. ಮೂರು ದಿನದ ಖರ್ಚನ್ನು ಜೇಬಿನಲ್ಲಿಟ್ಟುಕೊಂಡು ಹೊರಡುವ ವಿದ್ಯಾರ್ಥಿಗೆ ಏನಿದೆ? ಕೋಟೆಯ ಗಡಿಯ ಹೊರಗೆ, ಊರಿಗೆ ಹತ್ತಿರವಾಗಿ, ನಾಲ್ಕು ಡೇರೆ ಹಿಡಿಯುವ ಬಯಲು, ಒಂದು ನಲ್ಲಿ, ಒಂದು ಶೌಚಾಲಯ, ಹೆಸರು ಬರೆಸುವ ಪುಸ್ತಕ. ಪಂಚಾಯಿತಿಗೆ ಇದು ಭಾರವಾಗದು. ಅಲ್ಪ ಶುಲ್ಕವನ್ನು ವಿಧಿಸಿದರೂ ಯಾರೂ ಮುನಿಯರು.

ಅಧ್ಯಾಪಕ ಮಿತ್ರರಲ್ಲಿ ಒಂದು ಮಾತು. ಮುಂದಿನ ಸಲ ಮಕ್ಕಳನ್ನು ಕೋಟೆಗೆ ಕರೆದೊಯ್ಯುವಾಗ ಬಸ್ಸು ನೇರವಾಗಿ ಬಾಗಿಲಿಗೆ ಹೋಗುವುದು ಬೇಡ. ಬುಡದಲ್ಲಿ ಎಲ್ಲರನ್ನೂ ಇಳಿಸಿ, ತಲೆಯ ಮೇಲೆ ಉಪ್ಪಿನ ಮೂಟೆಯಿದೆ ಎಂದು ಭಾವಿಸಿಕೊಳ್ಳಲು ಹೇಳಿ, ಕಡೆಯ ಏರನ್ನು ನಡೆಸಿಕೊಂಡೇ ಹೋಗಿ. ಮೇಲೆ ತಲಪಿ ಏದುಸಿರು ಬಿಡುವ ಮಕ್ಕಳಿಗೆ ಕೋಟೆ ಅಲ್ಲಿಯೇ ಏಕಿದೆ ಎಂದು ಬೇರೆ ಪಾಠ ಮಾಡಬೇಕಾಗಿಲ್ಲ. ಅವರೇ ನಿಮಗೆ ಹೇಳುತ್ತಾರೆ.