ಠಾಣೆಯ ಕೆಲಸ ನೋಡಿ ಪರೀಕ್ಷೆ ಇಡಿ

ಕರ್ನಾಟಕ ರಾಜ್ಯ ಪೊಲೀಸ್ ಮಹಾನಿರ್ದೇಶಕರಿಗೆ,



ನಾನು ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಪೊಲೀಸ್ ಕಾನ್‌ಸ್ಟೇಬಲ್ (ಪಿಸಿ) ಆಗಬೇಕೆಂದು ಬೆಳಿಗ್ಗೆ ಐದಕ್ಕೇ ಮೈದಾನಕ್ಕೆ ಬರುವ ಹುಡುಗ ಹುಡುಗಿಯರನ್ನು ಹನ್ನೆರಡು ವರ್ಷದಿಂದ ‘ಫಿಸಿಕಲ್’ ಎನ್ನುವ ದೈಹಿಕ ಪರೀಕ್ಷೆಗೆ ತಯಾರು ಮಾಡುತ್ತಿದ್ದೇನೆ.

ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, 3.80 ಮೀಟರ್ ಉದ್ದ ಅಥವಾ 1.20 ಮೀಟರ್ ಎತ್ತರ ಜಿಗಿಯಬೇಕು, 7.26 ಕೆ.ಜಿ. ಗುಂಡನ್ನು 5.60 ಮೀಟರ್ ಎಸೆಯಬೇಕು. ಹೆಣ್ಣುಮಕ್ಕಳಿಗೆ ಓಟ 400 ಮೀಟರ್, ಗುಂಡು 4 ಕೆ.ಜಿ. ಓಟದ ಬಗ್ಗೆ ನನ್ನ ತಕರಾರಿಲ್ಲ. ಗುಂಡಿನ ಬಗ್ಗೆ ಇದೆ. ಗುಂಡನ್ನು ಅಂಗೈಗೆ ತಾಗಿಸದೆ ಬೆರಳ ಬುಡದಲ್ಲಿ ಹಿಡಿದು, ಕುತ್ತಿಗೆಗೆ ಒತ್ತಿಕೊಂಡು, ಸೊಂಟ ತಿರುಗಿಸಿ ತಳ್ಳುವುದನ್ನು ಹದಿನೈದು ದಿನದಲ್ಲಿ ಕಲಿಸಿಬಿಡುತ್ತೇನೆ. ಅಷ್ಟರಲ್ಲಿ ಹುಡುಗನ ತಾಕತ್ತೇನೂ ಹೆಚ್ಚಿರುವುದಿಲ್ಲ. ಹೇಳಿಕೊಡುವವರಿಲ್ಲದ ಹಳ್ಳಿಯವನು, ದಿನವೂ ಭತ್ತದ ಚೀಲ ಹೊರುವವನು, ಅರ್ಧ ಅಡಿ ಕಡಿಮೆಯಾಗಿ ವಾಪಸ್ ಬರುತ್ತಾನೆ.

ಎರಡು ವರ್ಷದ ಹಿಂದೆ ನಮ್ಮೂರ ಹೆದ್ದಾರಿ ಪಕ್ಕದ ಹಳ್ಳಕ್ಕೆ ಟೆಂಪೊ ಮಗುಚಿತ್ತು. ಮೊದಲು ಬಂದವರು ಇಬ್ಬರು ಪೊಲೀಸರು. ಡ್ರೈವರನ ಕಂಕುಳಿಗೆ ಕೈ ಹಾಕಿ ಕೆಸರಿನ ಇಳಿಜಾರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾ ಮೇಲಕ್ಕೆಳೆದರು. ಬೂಟು ಜಾರುತ್ತಿತ್ತು. ಕ್ಲೀನರ್ ಇನ್ನೂ ಕೆಳಗಿದ್ದ. ಐವತ್ತು ದಾಟಿದ ಹೆಡ್ ಕಾನ್‌ಸ್ಟೇಬಲ್ ಮೈಲಿಗಲ್ಲು ಹಿಡಿದು ಏದುಸಿರು ಬಿಡುತ್ತಾ ನಿಂತರು, ಆಮೇಲೆ ಮತ್ತೆ ಇಳಿದರು. ಅಲ್ಲಿ ಬೇಕಾಗಿದ್ದದ್ದು ಕೈಯ ಹಿಡಿತ, ಸೊಂಟದ ಬಲ, ಎರಡನೇ ಸಲ ಇಳಿಯುವ ದಮ್ಮು. ಇವುಗಳಲ್ಲಿ ಒಂದನ್ನೂ ನಮ್ಮ ಪರೀಕ್ಷೆ ನೇರವಾಗಿ ಅಳೆಯುವುದಿಲ್ಲ.

ಪರೀಕ್ಷೆ ಕಠಿಣವಾದರೆ ಸಾಕು ಎನ್ನುವುದೂ ತಪ್ಪು. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಗೆ ಒಂದು ಗಂಟೆಯಲ್ಲಿ 10 ಕಿ.ಮೀ. ಓಡಿಸಿದರು. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ಕೆನಡಾದಲ್ಲಿ ಕಾಡ್ಗಿಚ್ಚು ಆರಿಸುವ ಕೆಲಸವನ್ನು ಮೂರು ವರ್ಷ ಚೆನ್ನಾಗಿಯೇ ಮಾಡಿದ್ದ ಟಾನಿ ಮಿಯೋರಿನ್, ಹೊಸದಾಗಿ ಬಂದ 2.5 ಕಿ.ಮೀ. ಓಟದಲ್ಲಿ 11 ನಿಮಿಷಕ್ಕಿಂತ 49.4 ಸೆಕೆಂಡ್ ಹೆಚ್ಚು ತೆಗೆದುಕೊಂಡದ್ದಕ್ಕೆ ಕೆಲಸ ಕಳೆದುಕೊಂಡರು. ಆ ವೇಗ ಕೆಲಸಕ್ಕೆ ಬೇಕೇಬೇಕು ಎಂಬುದನ್ನು ಸರ್ಕಾರ ಸಾಬೀತುಪಡಿಸಿಲ್ಲವೆಂದು 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಇದಕ್ಕೆ ಬದಲಾಗಿ, ಅದೇ ದೇಶದ ರಾಷ್ಟ್ರೀಯ ಪೊಲೀಸ್ ಪಡೆಯಾದ ಮೌಂಟೆಡ್ ಪೊಲೀಸರು ಕೆಲಸಕ್ಕೆ ತಕ್ಕಂತೆ ರೂಪಿಸಿದ ಪರೀಕ್ಷೆಯಲ್ಲಿ ಅಡೆತಡೆ ದಾಟಿ ಓಡಿ, ಭಾರ ತಳ್ಳಿ, ಎಳೆದು, ಚೀಲ ಹೊರಬೇಕಿತ್ತು.

ಆದ್ದರಿಂದ ಕೇಳುತ್ತೇನೆ, ಮೊದಲು ಠಾಣೆಗಳಿಗೆ ಹೋಗಿ. ಬೀಟ್, ಬಂದೋಬಸ್ತ್, 112ರ ಗಾಡಿ, ಟ್ರಾಫಿಕ್, ಎಲ್ಲ ಕಡೆಯ ಸಿಬ್ಬಂದಿಯನ್ನು ಕೇಳಿ: ಏನು ಎತ್ತಿದಿರಿ, ಎಷ್ಟು ದೂರ ಎಳೆದಿರಿ, ಯಾವ ಕಾಂಪೌಂಡ್ ಹತ್ತಿದಿರಿ, ಎಷ್ಟು ಹೊತ್ತು ನಿಂತಿದ್ದಿರಿ? ಅದನ್ನೆಲ್ಲ ಅಳೆದು ಪರೀಕ್ಷೆ ಕಟ್ಟಿ. ಕಟ್ಟಿದ್ದನ್ನು ಮೊದಲು ಈಗ ಕೆಲಸದಲ್ಲಿರುವವರಿಂದಲೇ ಮಾಡಿಸಿ ನೋಡಿ, ಅದರ ಮೇಲೆ ಸಮಯ ನಿಗದಿ ಮಾಡಿ. ಆ ಗುಂಪಿನಲ್ಲಿ ಮಹಿಳಾ ಸಿಬ್ಬಂದಿ ಸಾಕಷ್ಟು ಇರಲೇಬೇಕು. ಗಾಯಾಳುವಿನ ತೂಕ ಎತ್ತುವವರು ಯಾರೆಂದು ನೋಡಿ ಬದಲಾಗುವುದಿಲ್ಲ, ನಿಜ. ಆದರೆ ಸರಿಯಾಗಿ ಹಿಡಿದು ಎಳೆಯುವುದನ್ನು ನಮ್ಮ ಹುಡುಗಿಯರು ಕಲಿಯುತ್ತಾರೆ, ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆಗೆ ಆರು ತಿಂಗಳು ಮೊದಲೇ ವಿಧಾನದ ವಿಡಿಯೊ ಕನ್ನಡದಲ್ಲಿ ಹೊರಡಿಸಿ, ಕೋಚಿಂಗ್ ಸೆಂಟರಿಗೆ ದುಡ್ಡು ಕಟ್ಟಲಾಗದವರಿಗೂ ಅದು ತಲುಪಲಿ.

ನಮ್ಮ ಮೈದಾನದ ಮೂಲೆಯಲ್ಲಿ ಅರವತ್ತು ಕೆ.ಜಿ. ಮರಳು ತುಂಬಿದ ಚೀಲವಿದೆ, ಹಿಂದೆ ಐದಡಿಯ ಗೋಡೆಯಿದೆ. ನಿಮ್ಮ ಅಧಿಕಾರಿಗಳನ್ನು ಒಮ್ಮೆ ಕಳಿಸಿಕೊಡಿ. ಬೆಳಿಗ್ಗೆ ಐದಕ್ಕೆ ಮಕ್ಕಳು ಅಲ್ಲೇ ಇರುತ್ತಾರೆ.

ತಮ್ಮ ವಿಶ್ವಾಸಿ,
ಒಬ್ಬ ದೈಹಿಕ ಶಿಕ್ಷಕ