ಹೆಸರು ಕೇಳಿ ನಗುವವರೊಡನೆ

‘ಹೈಕೋರ್ಟ್’, ‘ಗೂಗಲ್’, ‘ಕಾಫಿ’, ‘ಮೈಸೂರು ಪಾಕ್’. ಬಿಡದಿ ಸಮೀಪದ ಭದ್ರಾಪುರದ ಹಕ್ಕಿಪಿಕ್ಕಿ ಜನರು ತಮ್ಮ ಮಕ್ಕಳಿಗಿಟ್ಟ ಇಂತಹ ಹೆಸರುಗಳನ್ನು ಮಾಧ್ಯಮಗಳು ವರ್ಷಗಳಿಂದ ತಮಾಷೆಯ ಸುದ್ದಿಯಾಗಿಸುತ್ತಾ ಬಂದಿವೆ. ಮೈಸೂರಿನ ನಮ್ಮ ಮೊಹಲ್ಲಾಗಳಲ್ಲೂ ಅದನ್ನೋದಿ ನಕ್ಕವರಿದ್ದಾರೆ. ಇದೇ ಸಮುದಾಯವು ನಮ್ಮ ಹುಣಸೂರು ತಾಲೂಕಿನ ಪಕ್ಷಿರಾಜಪುರದಲ್ಲಿಯೂ ನೆಲೆಸಿದೆಯೆಂಬುದನ್ನು ಬಲ್ಲವರೆಷ್ಟು ಮಂದಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅವರ ಬೇಟೆಯ ಕಸುಬಿಗೆ ತಡೆಯೊಡ್ಡಿತು. ಹೊಟ್ಟೆಪಾಡಿಗಾಗಿ ಗಿಡಮೂಲಿಕೆ ಮಾರುತ್ತಾ ಆಫ್ರಿಕಾದವರೆಗೂ ಹೋದವರು 2023ರ ಎಪ್ರಿಲ್‌ನಲ್ಲಿ ಸುಡಾನಿನ ಯುದ್ಧದ ನಡುವೆ ಸಿಲುಕಿದರು. ಇಷ್ಟೆಲ್ಲ ಇರುವಾಗ ನಮ್ಮ ನೆನಪಿನಲ್ಲಿ ಉಳಿದದ್ದು ಅವರ ಹೆಸರುಗಳು ಮಾತ್ರ!

ಮಗುವಿಗೆ ಒಳ್ಳೆಯ ಹೆಸರಿಡಬೇಕೆಂಬುದು ಇಸ್ಲಾಮಿನ ಶಿಕ್ಷಣವೇ, ನಿಜ. ‘ಅವಿಧೇಯಳು’ ಎಂಬರ್ಥದ ಆಸಿಯಾ ಎಂಬ ಹೆಸರನ್ನು ಪ್ರವಾದಿವರ್ಯರು(ಸ) ಜಮೀಲಾ ಎಂದು ಬದಲಿಸಿದ್ದರು. ‘ಒರಟು’ ಎಂಬರ್ಥದ ಹಝ್ನ್ ಎಂಬ ಹೆಸರಿನವರಿಗೆ ಸಹ್ಲ್ ಎಂಬ ಹೆಸರನ್ನು ಸೂಚಿಸಿದರು. ತಂದೆಯಿಟ್ಟ ಹೆಸರನ್ನು ಬಿಡಲಾರೆನೆಂದು ಆತ ನಿರಾಕರಿಸಿದಾಗ ಪ್ರವಾದಿಯವರು(ಸ) ಬಲವಂತಪಡಿಸಲಿಲ್ಲ. ಇಲ್ಲಿ ಹಿತವಚನವಿದೆ, ಅಪಹಾಸ್ಯವೆಲ್ಲಿದೆ? ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತದಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ.

ಹೆಸರು ಹೇಳಿದೊಡನೆ ಎದುರಿನವರ ಮುಖಭಾವ ಬದಲಾಗುವುದನ್ನು, ‘ಮನೆ ಬೇರೆಯವರಿಗೆ ಕೊಟ್ಟಾಯಿತು’ ಎಂಬ ಉತ್ತರವನ್ನು ನಾವು ಕಂಡುಂಡವರು. ಆ ನೋವನ್ನು ಬಲ್ಲ ನಮ್ಮ ಮನೆಗಳಲ್ಲೇ ಈ ನಗು ಕೇಳಿಸುತ್ತಿರುವುದು ವಿಪರ್ಯಾಸ. ಅಂಥ ಹೆಸರಿನ ಮಗು ಶಾಲೆಯಲ್ಲಿ ಗೇಲಿಗೊಳಗಾಗದೇ ಎಂದು ಕೆಲವರು ಕೇಳುತ್ತಾರೆ. ಒಳಗಾಗಬಹುದು. ಆದರೆ ಗೇಲಿ ಮಾಡುವ ಸಹಪಾಠಿಗಳು ಅದನ್ನು ಕಲಿತು ಬಂದದ್ದು ಯಾರ ಮನೆಯ ಜಗಲಿಯಿಂದ?